ಬೇವಿನ ನೆರಳಿನ ಹುಲ್ಲು

ಪಕ್ಕದ ಮನೆಯ ಖಾದರಬಿ ಕಳೆ ಕೀಳುವ ಖುರಪಿ ಹಿಡಿದು ನರ್ಮದಾಳ ಅಂಗಳದ ಬೇವಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಿಟಕಿಯಿಂದ ನೋಡಿದ ನರ್ಮದಾಗೆ ಒಲೆಯ ಮೇಲಿನ ಹಾಲು ಮರೆತೇಹೋಯಿತು. ಕೊನೆಗೂ ಕಳ್ಳಿ ಸಿಕ್ಕಿದ್ದಳು!

ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ನರ್ಮದಾ ಗುಡಗೇರಿ ಊರಿನ ಆ ಓಣಿಗೆಲ್ಲ ‘ಅಕ್ಕಾರು’. ಅಕ್ಕಾರು ಅಂಗಳದಲ್ಲಿ ಹುಲ್ಲು ಬೆಳೆಸಲು ಹೊರಟಾಗ ಓಣಿ ನಕ್ಕಿತ್ತು. “ದನಾ ಇಲ್ಲ, ಕರಾ ಇಲ್ಲ, ಹುಲ್ಲು ಯಾರಿಗ್ರಿ?” ಆದರೆ ಮಗಳು ಜ್ಯೋತ್ಸ್ನಾಳ ಮದುವೆಯ ನಿಶ್ಚಯ ಮುಂದಿನ ತಿಂಗಳು ಈ ಹಸಿರಿನ ಮೇಲೆಯೇ ಆಗಬೇಕೆಂದು ಅವಳ ಆಸೆ.

ಬಿಸಿಲಿದ್ದ ಕಡೆ ಹುಲ್ಲು ಗಾದಿಯಂತೆ ಬಂತು. ಬೇವಿನ ಮರದ ಕೆಳಗೆ ಮಾತ್ರ ನೆಲ ಬೋಳು. ಹುಲ್ಲು ಬೇಕೋ, ಮರ ಬೇಕೋ ಆರಿಸಿಕೊಳ್ಳಿ ಎಂದ ನರ್ಸರಿಯವನು. ನರ್ಮದಾ ಮನಸ್ಸು ಗಟ್ಟಿ ಮಾಡಿ, ಮರ ಕಡಿಯಲು ಬಂಡಿಯ ಮೈಲಾರಪ್ಪನಿಗೆ ಹೇಳಿಕಳಿಸಿದಳು.

ಮೈಲಾರಪ್ಪ ಸೋಮವಾರ ನಡೆದುಕೊಂಡೇ ಬಂದ. “ಇವತ್ತ ಬಸವಣ್ಣನ ವಾರ, ಎತ್ತು ಹೂಡಂಗಿಲ್ರಿ ಅಕ್ಕಾರ. ಕಡದ ಟೊಂಗಿ ಹೇರಾಕ ಬಂಡಿ ಬೇಕಲ್ರಿ?” ಆಮೇಲೆ ಅಮಾವಾಸ್ಯೆ ಬಂತು, ಅಂದೂ ಎತ್ತಿಗೆ ರಜೆ. ಸಂತೆಯ ದಿನ ಎತ್ತುಗಳನ್ನು ಅದೇ ಬೇವಿನ ನೆರಳಿಗೆ ಕಟ್ಟಿ ಹೋದವನು ಸಂಜೆ ಬಂದು, “ಹೊತ್ತು ಮುಣಗೇತಿ, ನಾಳೆ ನೋಡೂಣು” ಎಂದು ಬಿಚ್ಚಿಕೊಂಡು ಹೋದ.

ಈ ನಡುವೆ ಬೋಳು ನೆಲದಲ್ಲಿ ಅಲ್ಲಲ್ಲಿ ಗರಿಕೆ ಕಾಣಿಸತೊಡಗಿತು. ಕಂಡದ್ದು ಮರುದಿನ ಇರುತ್ತಿರಲಿಲ್ಲ. ಇನ್ನೊಂದು ಕಡೆ ಇರುತ್ತಿತ್ತು. ಯಾರೋ ಕೀಳುತ್ತಿದ್ದಾರೆ! ಬೇವಿನ ಅರ್ಧ ನೆರಳು ಮೋಟುಗೋಡೆಯಾಚೆ ಖಾದರಬಿಯ ಅಂಗಳಕ್ಕೆ ಬೀಳುತ್ತದೆ. ಮರ ಕಡಿಸುವ ಮಾತು ಕೇಳಿದ ದಿನ ಅವಳು ಅಂದದ್ದು ಇಷ್ಟೇ: “ಗಿಡಾ ನಿಮ್ದರಿ, ಅಕ್ಕಾರ.”

ನರ್ಮದಾ ದಡದಡ ಮೆಟ್ಟಿಲಿಳಿದಳು. “ಖಾದರಬಿ! ಬಂದ ಹುಲ್ಲು ಕೀಳಾಕ ಹತ್ತೀರೇನು?”

ಖಾದರಬಿ ಗಾಬರಿಯಿಂದ ಎದ್ದಳು. ಸೆರಗಿನಿಂದ ಗರಿಕೆಯ ಕಂತೆ ಜಾರಿ ಬಿತ್ತು. ಬೇರಿಗೆ ಹಸಿ ಮಣ್ಣು ಮೆತ್ತಿತ್ತು.

“ಕೀಳಾಕಲ್ರಿ, ಹಚ್ಚಾಕ! ಒಣಗಿದ್ದು ತಗದು ಹೊಸಾದು ಹಚ್ಚತೇನಿ. ಹುಲ್ಲು ಬಂದ್ರ ಗಿಡಾ ಉಳೀತೈತಿ ಅಂತ. ಇದ ನೆಳ್ಳಾಗ ಕುಂತು ಕೌದಿ ಹೊಲದು ಹೆಣ್ಮಕ್ಕಳ ಮದುವಿ ಮಾಡೇನ್ರಿ.”

“ಕಡಸಬ್ಯಾಡ್ರಿ ಅಂತ ಒಂದ ಮಾತು ಹೇಳಬಾರದಾ?”

“ಮಗಳ ನಿಶ್ಚಯಕ್ಕಂತ ಅಷ್ಟ ಆಸೆ ಮಾಡೀರಿ. ಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ?”

ನರ್ಮದಾ ತಲೆಯೆತ್ತಿ ಮರ ನೋಡಿದಳು. ಅವಳಿಗೆ ನಗು ಬಂತು. “ಹುಲ್ಲು ಹಾಳಾಗ್ಲಿ. ನೆಳ್ಳಾಗ ಜಮಖಾನ ಹಾಸಿ ನಿಶ್ಚಯ ಮಾಡೂಣು.”

“ನಮ್ಮ ಮನ್ಯಾಗ ನವಲಗುಂದದ್ದು ಐತ್ರಿ, ಅಗದಿ ದೊಡ್ಡದು!” ಖಾದರಬಿ ಕಣ್ಣೊರೆಸಿಕೊಂಡಳು. ಆಮೇಲೆ ಗೇಟಿನ ಕಡೆ ಕೈ ತೋರಿಸಿದಳು. “ಆದ್ರೂ ಅಕ್ಕಾರ, ಆ ಬಾಜು ನೆಳ್ಳಾಗಿನ ಗರಿಕಿ ನೀವು ಭಾಳ ಚಂದ ಹಚ್ಚೀರಿ. ನಂದ ಸೊಟ್ಟ.”

“ನಾ ಎಲ್ಲಿ ಹಚ್ಚೇನಿ? ಅದೂ ನಿಮ್ದ ಅಲ್ಲೇನು?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಗೇಟಿನ ಮುಂದೆ ಮೈಲಾರಪ್ಪನ ಬಂಡಿ ನಿಂತಿತು. ಪಾಪ, ಕೆಲಸಕ್ಕೆಂದು ಬಂದವನು. ನರ್ಮದಾಗೆ ಕೆಡುಕೆನಿಸಿತು.

“ಮೈಲಾರಪ್ಪ, ಗಿಡಾ ಕಡಿಯೂದು ಬ್ಯಾಡಪಾ. ಸಿಟ್ಟಾಗಬ್ಯಾಡ, ಚಹಾ ಕುಡದು ಹೋಗು.”

ಮೈಲಾರಪ್ಪ ಮುಖ ಅರಳಿಸಿ ಬಂಡಿಯಿಂದ ಜಿಗಿದ. ಬಂಡಿಯಲ್ಲಿ ಕೊಡಲಿಯೂ ಇರಲಿಲ್ಲ, ಗರಗಸವೂ ಇರಲಿಲ್ಲ. ತೊಯ್ದ ಗೋಣಿತಾಟು ಸರಿಸಿ, ಹಳ್ಳದ ದಂಡೆಯಿಂದ ಅಗೆದು ತಂದ ಹಸಿ ಗರಿಕೆಯ ರಾಶಿ ತೋರಿಸಿ ಕೇಳಿದ:

“ಹಂಗಾರ ಇವತ್ತಿಂದು ಎತ್ತಿಗೇ ಹಾಕಿಬಿಡ್ಲೇನ್ರಿ, ಅಕ್ಕಾರ?”