ನಾಲ್ಕು ತಾಸಿನೊಳಗೆ

“ಹುಬ್ಬಳ್ಳಿ, ಬೆಂಗಳೂರು ನಡುವೆ ರಸ್ತೆಯಲ್ಲಿ ನಾನೂರು ಕಿಲೋಮೀಟರ್ ಆಗ್ತೈತ್ರಿ ಅಕ್ಕಾರ. ವಿಮಾನಕ್ಕ ಒಂದು ತಾಸಿನ ದಾರಿ,” ಎಂದು ಅಂಗಾಂಗ ಕಸಿ ವಿಭಾಗದ ಅಧಿಕಾರಿ ಮೂರನೆಯ ಸಲ ಹೇಳಿದ.

“ಹೃದಯ ತೆಗೆದು ಎರಡು ತಾಸಾತು. ವಿಮಾನ ಇನ್ನೂ ಇಳಿದಿಲ್ಲ ಅಂತೀರಿ,” ಎಂದಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅವಳು.

“ಮೋಡ ಅಡ್ಡ ಬಂದಾವ್ರಿ. ಮ್ಯಾಲೆ ಸುತ್ತಾಕತ್ತೈತಿ. ನಾಲ್ಕು ತಾಸಿನೊಳಗ ಜೋಡಿಸಿದ್ರ ಸಾಕು.”

“ಆಗದಿದ್ದರ?”

ಅವನು ಫೋನು ನೋಡುತ್ತ ಆಚೆ ಹೋದ.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಮುದುಕಿ ಹತ್ತಿರ ಸರಿದಳು. “ಗಂಡಗೇನವ್ವಾ? ಹೆದರಬ್ಯಾಡ, ನಿನ್ನ ಕುಂಕುಮ ಗಟ್ಟಿ ಐತಿ. ಏಳು, ಒಂದೀಟು ಚಾ ಕುಡ್ದು ಬರೂಣು.”

“ಇದೊಂದು ಗೊತ್ತಾಗೂ ತನಕ ಏಳಂಗಿಲ್ಲ ಅಜ್ಜಿ.”

ಅವಳ ಅಂಗೈಯಲ್ಲಿ ಗಂಡನ ಕೈಗಡಿಯಾರವಿತ್ತು. ಅದರಲ್ಲೇ ನಿಮಿಷ ಎಣಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ವಿಮಾನ ಇಳಿಯಿತೆಂಬ ಸುದ್ದಿ ಬಂತು. ಆಮೇಲೆ ಒಂದೂವರೆ ತಾಸು ಯಾರೂ ಏನೂ ಹೇಳಲಿಲ್ಲ. ಮುದುಕಿ ತಂದುಕೊಟ್ಟ ಚಹಾ ಆರಿಹೋಯಿತು.

ನಾಲ್ಕು ತಾಸು ತುಂಬಲು ಹತ್ತು ನಿಮಿಷವಿರುವಾಗ ಅಧಿಕಾರಿ ಓಡಿ ಬಂದ.

“ಬಡ್ಕೊಳ್ಳಾಕತ್ತೈತ್ರಿ ಅಕ್ಕಾರ. ತಾನಾಗೇ ಬಡ್ಕೊಳ್ಳಾಕತ್ತೈತಿ.”

“ನಾ ಹೇಳಿದ್ನಿಲ್ಲ?” ಎಂದು ಮುದುಕಿ ಅವಳ ದೃಷ್ಟಿ ತೆಗೆದು ಲಟಿಕೆ ಮುರಿದಳು. “ಇನ್ನರ ಆ ಚಾ ಕುಡಿ.”

ಅವಳು ಗಡಿಯಾರವನ್ನು ಕೈಗೆ ಕಟ್ಟಿಕೊಂಡು ಎದ್ದು ನಿಂತಳು.

“ಅವರನ್ನ ಇನ್ನ ಮನೀಗೆ ಒಯ್ಯಬಹುದೇನ್ರಿ?”

“ಹೌದ್ರಿ ಅಕ್ಕಾರ. ಶವಾಗಾರದಾಗ ಒಂದು ಸಹಿ ಮಾಡಿದ್ರ ಸಾಕು.”