ನೆಗೆಣ್ಣಿಯ ನೆನಪು

ಸಂಕ್ರಾಂತಿ ಮುಗಿದಿತ್ತು. ಅಂಗಳದ ತುಂಬ ಹರವಿದ ಕೆಂಪು ಮೆಣಸಿನಕಾಯಿಯ ನಡುವೆ ನೆಗೆಣ್ಣಿಯರಿಬ್ಬರೂ ಕುಳಿತು ತೊಟ್ಟು ಮುರಿಯುತ್ತಿದ್ದರು. ಮರೆವಿನ ರೋಗ ಹಿರಿಯಳಾದ ಹುಲಿಗೆವ್ವನಿಗೆ. ಔಷಧ ಪರೀಕ್ಷೆಯ ಗುಳಿಗೆ ನುಂಗುತ್ತಿದ್ದವಳು ಕಿರಿಯಳಾದ ದ್ಯಾಮವ್ವ. ಆ ಗುಳಿಗೆಯ ರೀತಿಯೇ ಹಾಗೆ. ರೋಗಿ ಕಳೆದುಕೊಂಡ ನೆನಪು, ಗುಳಿಗೆ ನುಂಗಿದವರ ತಲೆಗೆ ಬರುತ್ತಿತ್ತು. ಅದೇ ರೋಗ ಹತ್ತಿದ್ದ ಊರಿನ ಶಾಲೆಯ ಮಾಸ್ತರರ ನೆನಪು ಹೊತ್ತ ಕಿರಾಣಿ ಅಂಗಡಿಯವನು ಈಗ ಗಿರಾಕಿಗಳಿಗೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದ.

ದ್ಯಾಮವ್ವ ಗುಳಿಗೆಗೆ ಒಪ್ಪಿದ್ದು ಒಂದೇ ಆಸೆಗೆ. ಮೂವತ್ತು ವರ್ಷದ ಹಿಂದೆ, ತನ್ನ ಬಾಣಂತನದಲ್ಲಿ ಕಳುವಾದ ಕೋಳಿಯನ್ನು ಹುಲಿಗೆವ್ವನೇ ತಿಂದಳೆಂದು ಸಾಬೀತು ಮಾಡಬೇಕಿತ್ತು.

ಈಗ, ಗುಳಿಗೆಯಿಂದ ಬಂದ ನೆನಪು ಬರೆದುಕೊಳ್ಳಲು ನರ್ಸ್ ಸಬೀನಾ ಬಂದು ಕಾಗದ ಬಿಚ್ಚುವಷ್ಟರಲ್ಲಿ ದ್ಯಾಮವ್ವನ ಕೈ ನಿಂತಿತು.

"ಬಂತು ನೋಡವಾ! ನನ್ನ ಕೋಳಿ ಕುತ್ತಿಗಿ ಮುರದಾಕಿ ಇಕೀನ! ಸಾರು ಕುದಿಸ್ಯಾಳ... ಗಂಗಾಳಕ್ಕ ಹಾಕ್ಯಾಳ... ತಗೊಂಡು ಒಳಗ ಹೊಂಟಾಳ..."

ನೆನಪು ಒಳಕೋಣೆಯ ಹೊಸ್ತಿಲು ದಾಟಿತು. ಒಳಗೆ ಹೊರಸಿನ ಮೇಲೆ ಕುಳಿತು, ಕೇಳಿ ಕೇಳಿ ಹಾಕಿಸಿಕೊಂಡು ಸಾರು ಕುಡಿಯುತ್ತಿದ್ದ ಬಾಣಂತಿ ತಾನೇ ಆಗಿದ್ದಳು.

"ಯಾರು ತಿಂದ್ರಬೇ?" ಸಬೀನಾ ಪೆನ್ನು ಹಿಡಿದು ಕೇಳಿದಳು.

ಹುಲಿಗೆವ್ವ ತೊಟ್ಟು ಮುರಿಯುವುದನ್ನು ಬಿಟ್ಟು ತಲೆಯೆತ್ತಿದಳು. "ಸಾರು ಚಲೋ ಆಗಿತ್ತೇನು?"

"ಉಪ್ಪು ಕಮ್ಮಿ ಇತ್ತು," ಎಂದು ದ್ಯಾಮವ್ವ ಮುಖ ತಿರುಗಿಸಿದಳು. ಆಮೇಲೆ ಸಬೀನಾಳಿಗೆ ಹೇಳಿದಳು: "ದ್ಯಾಮವ್ವಗ ಕೋಳಿ ಮುಟ್ಟೇತಿ ಅಂತ ಬರಕೊ. ಅಕ್ಕನ ಮ್ಯಾಲ ನಂದು ಏನೂ ಬಾಕಿ ಇಲ್ಲ."