ಬುತ್ತಿ ಕಾದವಳು

ಈಗಲೂ ಶೇಂಗಾ ಹಿಂಡಿಯ ವಾಸನೆ ಬಂದರೆ ಗೋಕಾಕ ಫಾಲ್ಸಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮಳೆಗಾಲದಲ್ಲಿ ಮೂಡಲಗಿಯ ನಮ್ಮ ಮನೆಗೆ ಯಾರು ಬಂದರೂ ಅವರಿಗೆ ಫಾಲ್ಸ್ ತೋರಿಸಬೇಕಿತ್ತು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಬುತ್ತಿ ಕಟ್ಟುವವಳು ಅವ್ವ. ಅಲ್ಲಿಗೆ ಹೋದ ಮೇಲೆ ಮಂಗಗಳಿಂದ ಅದನ್ನು ಕಾಯುತ್ತ ಕೂರುವವಳೂ ಅವಳೇ. ನದಿಯ ಮೇಲಿನ ತೂಗುಸೇತುವೆಯನ್ನು ಅವಳು ಒಮ್ಮೆಯೂ ದಾಟಿರಲಿಲ್ಲ.

ಆ ಸಲ ಬಂದವಳು ಸೊಲ್ಲಾಪುರದ ಅತ್ತೆ, ಅಪ್ಪನ ತಂಗಿ. ಸೇತುವೆ ದಾಟಿ ಬಂದವರೆಲ್ಲ ಗುಡಿ ನೋಡಲು ಹೋದರು. ಕಾಲು ನೋಯುತ್ತಿದ್ದುದರಿಂದ ನಾನು ಅವ್ವನ ಬಳಿ ಉಳಿದೆ.

"ನೀ ಹೋಗಿ ಬಾ ಅವ್ವಾ, ಬುತ್ತಿ ನಾ ಕಾಯ್ತೇನಿ."

"ಮಂಗ್ಯಾ ಬಂದ್ರ?"

"ಕಲ್ಲ ಒಗಿತೇನಿ."

ಅವ್ವ ನಕ್ಕಳು. ಮೊಣಕಾಲು ಹಿಡಿದು ನಿಧಾನವಾಗಿ ಎದ್ದಳು. ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸೇತುವೆಯ ತಂತಿ ಹಿಡಿದು, ಒದ್ದೆ ಹಲಗೆಗಳ ಮೇಲೆ ಹತ್ತು ಹೆಜ್ಜೆ ಹೋಗಿರಬೇಕು. ಅಷ್ಟರಲ್ಲಿ ಮಂಗವೊಂದು ಬಂದು ನನ್ನೆದುರು ಕುಳಿತಿತು. ಅದು ಏನೂ ಮಾಡಲಿಲ್ಲ, ಸುಮ್ಮನೆ ನೋಡಿತು. ನಾನು "ಅವ್ವಾ!" ಎಂದು ಕಿರುಚಿದೆ.

ಅವಳು ಓಡಿ ಬಂದಳು. ಮಂಗ ಹೋಗಿಯಾಗಿತ್ತು.

"ಮತ್ತ ಹೋಗವ್ವಾ," ಎಂದೆ.

"ಸಾಕ ಬಿಡವ್ವಾ. ಅವರು ಹಸದ ಬರ್ತಾರ," ಎಂದು ಗಂಟು ಬಿಚ್ಚಿದಳು.

ಊಟಕ್ಕೆ ಕುಳಿತಾಗ ಅತ್ತೆ ಕೇಳಿದಳು: "ಏನ್ ವೈನಿ, ಈ ಸಲಾನೂ ಗಂಟ ಕಾಕೊಂತ ಕುಂತ್ರಿ?"

"ಇಲ್ರಿ, ದಾಟಿ ಬಂದ್ನಿ. ಭಾಳ ತೂಗತೈತಿ ಅದು. ನಿಮ್ಮ ಸೊಸಿ ಒಬ್ಬಾಕಿನ ಕುಂತ ಬುತ್ತಿ ಕಾದ್ಲು," ಎಂದು ಅವ್ವ ನನ್ನ ಕಡೆ ಕೈ ತೋರಿಸಿದಳು.

"ಶಾಣ್ಯಾಕಿ ನೋಡ!" ಎಂದ ಅತ್ತೆ ನನ್ನ ಕೈಗೆ ಕರದಂಟಿನ ದೊಡ್ಡ ತುಂಡು ಕೊಟ್ಟಳು. ನಾನು ಅವ್ವನ ಕಡೆ ನೋಡದೆ ಅದನ್ನು ಪೂರ್ತಿ ತಿಂದೆ.